ವಟ್ವಾದಿಂದ ಶುರುವಾಗುವ ಪುಕ್ಕಟೆ ನಡಿಗೆ

ಅಹಮದಾಬಾದಿಗೆ ಬಂದ ಕನ್ನಡದವರ ಕೈಗೆ ಮೊದಲ ತಿಂಗಳಲ್ಲೇ ಒಂದು ಪಟ್ಟಿ ಸಿಗುತ್ತದೆ. ಸಾಬರಮತಿ ಆಶ್ರಮ, ಕಾಂಕರಿಯಾ ಕೆರೆ, ಅಡಾಲಜದ ಬಾವಿ, ಮಾಣೆಕ್ ಚೌಕದ ರಾತ್ರಿ ತಿಂಡಿ, ಅಟಲ್ ಸೇತುವೆ. ಊರಿನಿಂದ ಅಪ್ಪ-ಅಮ್ಮ ಬಂದಾಗ ಒಮ್ಮೆ, ಅತ್ತೆ-ಮಾವ ಬಂದಾಗ ಇನ್ನೊಮ್ಮೆ ಇದೇ ಪಟ್ಟಿ ಹಿಡಿದು ಕಾರಿನಲ್ಲಿ ಸುತ್ತಿದರೆ ಊರು ನೋಡಿದ್ದು ಮುಗಿಯಿತು. ನಾನಿರುವ ವಟ್ವಾ ಆ ಪಟ್ಟಿಯಲ್ಲಿಲ್ಲ. ಮುಂಬಯಿ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಮಣಿನಗರಕ್ಕಿಂತ ಮೊದಲು ಕಾಣುವ ಲೋಕೋ ಶೆಡ್ಡು, ಒಂದಷ್ಟು ಚಿಮಣಿ, ಮೂಗಿಗೆ ಬಡಿಯುವ ವಾಸನೆ, ಇಷ್ಟೇ ವಟ್ವಾ. ಆ ಹೊತ್ತಿಗೆ ಎಲ್ಲರೂ ಸೀಟಿನಡಿ ಚಪ್ಪಲಿ ಹುಡುಕುತ್ತಿರುತ್ತಾರೆ.

ಇಲ್ಲಿಗೆ ಬಂದು ಆರು ವರ್ಷವಾಯಿತು. ಬಣ್ಣ ತಯಾರಿಸುವ ಕಾರ್ಖಾನೆಗಳಿಗೆ ಸ್ಟಾಕು, ಬಿಲ್ಲಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿಕೊಡುವುದು ನನ್ನ ಕೆಲಸ. ಕಳೆದ ಎರಡು ವರ್ಷಗಳಿಂದ ಭಾನುವಾರ ಬೆಳಗ್ಗೆ ಮಗಳನ್ನು ಕರೆದುಕೊಂಡು ನಡೆಯಲು ಹೋಗುತ್ತೇನೆ. ಅವಳಿಗೆ ಒಂಬತ್ತು ವರ್ಷ, ಕೈಯಲ್ಲಿ ಚಿತ್ರ ಬರೆಯುವ ಪುಸ್ತಕ. ನನ್ನ ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಬಸ್ಸಿಗೆ ಚಿಲ್ಲರೆ. ಖರ್ಚು ಅಷ್ಟೇ.

ದೊಡ್ಡ ದೊಡ್ಡ ಊರುಗಳಲ್ಲಿ ಇಂಥ ನಡಿಗೆಗೆ ನಕ್ಷೆ ಸಿಗುತ್ತದೆ. ಯಾವ ಗೋಡೆಯ ಮೇಲೆ ಚಿತ್ರವಿದೆ, ಯಾವ ವೃತ್ತದಲ್ಲಿ ಶಿಲ್ಪವಿದೆ ಎಂದು ಗುರುತು ಹಾಕಿರುತ್ತಾರೆ. ಟಿಕೆಟ್ಟಿಲ್ಲ, ಗೈಡಿಲ್ಲ, ನಮ್ಮ ಹೆಜ್ಜೆಗೆ ನಾವೇ ಯಜಮಾನರು. ಅಹಮದಾಬಾದಿನಲ್ಲಿ ಮಹಾನಗರಪಾಲಿಕೆಯ ಹೆರಿಟೇಜ್ ವಾಕ್ ಇದೆ. 1997ರ ನವೆಂಬರ್ 19ರಂದು ಶುರುವಾದದ್ದು. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಸಣ್ಣ ಶುಲ್ಕ ಕೊಟ್ಟರೆ ಗೈಡ್ ಜೊತೆಗೆ ಬರುತ್ತಾರೆ. ಒಮ್ಮೆ ಖಂಡಿತ ಹೋಗಿ. ನಾನು ಹೇಳಹೊರಟಿರುವುದು ಅದಲ್ಲ, ನಿಮ್ಮ ಮನೆ ಬಾಗಿಲಿನಿಂದ ಶುರುವಾಗುವ ನಡಿಗೆಯ ವಿಷಯ.

ಅದಕ್ಕೆ ನಾನು ಮತ್ತು ಮಗಳು ಮೂರು ನಿಯಮ ಮಾಡಿಕೊಂಡಿದ್ದೇವೆ. ನೋಡುವುದು ಬೀದಿಯಿಂದ ಕಾಣಬೇಕು, ಇಲ್ಲವೇ ದುಡ್ಡಿಲ್ಲದೆ ಒಳಗೆ ಬಿಡಬೇಕು. ಯಾರೋ ಒಬ್ಬರು ಕೈಯಿಂದ ಮಾಡಿದ್ದಾಗಿರಬೇಕು. ಅದು ಯಾರಿಗಾಗಿ ಮಾಡಿದ್ದು ಎಂದು ಕೇಳಿ ತಿಳಿದುಕೊಂಡು ಬರಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟ. ಈ ಬರಹವೂ ಹೆಚ್ಚಾಗಿ ಅದರ ಬಗ್ಗೆಯೇ.

ಬಣ್ಣ ಹುಟ್ಟುವ ಕಡೆ

ವಟ್ವಾದ ಜಿಐಡಿಸಿ, ಅಂದರೆ ಇಲ್ಲಿನ ಕೈಗಾರಿಕಾ ಪ್ರದೇಶ, ಹೆಸರಾಗಿರುವುದು ಬಣ್ಣ ಮತ್ತು ರಾಸಾಯನಿಕಗಳಿಗೆ. ನೀವು ಈಗ ಉಟ್ಟಿರುವ ಹತ್ತಿಬಟ್ಟೆಯ ನೀಲಿಯೋ ಕೆಂಪೋ ಇಲ್ಲಿಂದಲೇ ಹೊರಟಿರಬಹುದು. ಬಣ್ಣದ ಪುಡಿ ಚೀಲಕ್ಕೆ ತುಂಬುವ ವಿಭಾಗದಿಂದ ಶಿಫ್ಟ್ ಮುಗಿಸಿ ಬರುವವರನ್ನು ನೋಡಿದರೆ ಯಾರು ಯಾವ ಬಣ್ಣದ ಮೇಲೆ ಕೆಲಸ ಮಾಡಿದರೆಂದು ಉಗುರು, ಕಿವಿಯ ಹಿಂಬದಿ ನೋಡಿಯೇ ಹೇಳಬಹುದು. ಚಹದಂಗಡಿಯ ಬೆಂಚಿನ ಮೇಲೆ ಹಳದಿಯವರೂ ನೇರಳೆಯವರೂ ಪಕ್ಕ ಪಕ್ಕ ಕೂತು ಅಡಾಳಿಯಲ್ಲಿ, ಅಂದರೆ ತಟ್ಟೆಯಲ್ಲಿ ಚಹ ಹುಯ್ದು ಕುಡಿಯುತ್ತಿರುತ್ತಾರೆ.

ಈ ಬಣ್ಣಕ್ಕೆ ಇನ್ನೊಂದು ಮುಖವೂ ಇದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿದ ಅತಿ ಕಲುಷಿತ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿ ವಟ್ವಾದ ಹೆಸರಿತ್ತು. ಹೊಲಗಳಿಗೆ ನೀರುಣಿಸಲು ಹಿಂದಿನವರು ತೋಡಿದ ಖಾರಿಕಟ್ ಕಾಲುವೆ ಕಾರ್ಖಾನೆಗಳ ನೀರು ಹರಿಯುವ ಗಟಾರವಾಗಿ ಬಹಳ ಕಾಲವಾಯಿತು. ಹಾಗಾಗಿ ಇಲ್ಲಿ ಯಾರೂ ಸುಮ್ಮನೆ ನಡೆಯಲು ಬರುವುದಿಲ್ಲ. ನಮ್ಮ ನಡಿಗೆ ಮಾತ್ರ ಇಲ್ಲಿಂದಲೇ ಶುರುವಾಗುತ್ತದೆ, ಏಕೆಂದರೆ ನಮ್ಮ ಮನೆ ಇರುವುದೇ ಇಲ್ಲಿ.

ಭಾನುವಾರ ಜಿಐಡಿಸಿಯ ಒಳರಸ್ತೆಗಳಲ್ಲಿ ಲಾರಿಗಳು ಸಾಲಾಗಿ ನಿಂತಿರುತ್ತವೆ. ಅದು ನಮ್ಮ ಮೊದಲ ಚಿತ್ರಶಾಲೆ. ಪಂಜಾಬಿನ ಲಾರಿಯ ಮೇಲೆ ಹದ್ದು, ರಾಜಸ್ಥಾನದ್ದರ ಮೇಲೆ ನವಿಲು, ಗುಜರಾತಿನದ್ದರ ಮೇಲೆ ಖೋಡಿಯಾರ್ ಮಾತೆಯ ಮೊಸಳೆ. ಗುಜರಾತಿ ಅಕ್ಷರ ಓದಲು ನಾನು ಕಲಿತದ್ದೂ ಈ ಲಾರಿಗಳಿಂದಲೇ. ದೇವನಾಗರಿಯ ತಲೆಯ ಮೇಲಿನ ಗೆರೆ ತೆಗೆದುಬಿಟ್ಟರೆ ಅರ್ಧ ಅಕ್ಷರಗಳು ತಾವಾಗಿ ಗುರುತು ಸಿಗುತ್ತವೆ, ಉಳಿದರ್ಧಕ್ಕೆ ಡ್ರೈವರುಗಳಿದ್ದಾರೆ. ಒಂದು ದಿನ ಕೆಎ ನಂಬರಿನ ಲಾರಿಯ ಹಿಂದೆ ಹಳದಿ ಬಣ್ಣದಲ್ಲಿ, ನೆರಳು ಕೊಟ್ಟು, ದುಂಡಗೆ ಬರೆದ 'ಅವ್ವನ ಆಶೀರ್ವಾದ' ಕಂಡಿತು. ಮಗಳು ಅದನ್ನು ಅಕ್ಷರ ಅಕ್ಷರವಾಗಿ ಓದಿದಳು. ಅವಳು ಶಾಲೆಯಲ್ಲಿ ಓದುವುದು ಗುಜರಾತಿ, ಹಿಂದಿ, ಇಂಗ್ಲಿಷು. ಕನ್ನಡ ಮನೆಯಲ್ಲಿ ನಾನು ಬರೆದು ತೋರಿಸಿದ್ದಷ್ಟೇ. ಬೀದಿಯಲ್ಲಿ, ತನ್ನಷ್ಟಕ್ಕೆ ನಿಂತಿರುವ ಕನ್ನಡವನ್ನು ಅವಳು ಓದಿದ್ದು ಅದೇ ಮೊದಲು. ಲಾರಿಯಡಿ ಚಾಪೆ ಹಾಸಿ ಮಲಗಿದ್ದ ರಾಣೇಬೆನ್ನೂರಿನ ಡ್ರೈವರಣ್ಣ ಎದ್ದು ಕೂತು, "ಓದಾಕ ಬರ್ತದೇನವ್ವಾ? ಶಾಬಾಸ್!" ಅಂದ. ಆ ಅಕ್ಷರ ಬರೆದವರು ಹಾವೇರಿಯ ಪೇಂಟರಂತೆ. ಯಾರಿಗಾಗಿ ಬರೆಸಿದ್ದು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಕಲ್ಲೋ, ಕಬ್ಬಿಣವೋ, ಕಟ್ಟಿಗೆಯೋ

ವಟ್ವಾ ಎಂದರೆ ಬರೀ ಕಾರ್ಖಾನೆಯಲ್ಲ. ಹಳೇ ವಟ್ವಾ ಊರೊಳಗೆ ಕುತುಬ್-ಎ-ಆಲಂ ಎಂಬ ಸೂಫಿ ಸಂತರ ಗೋರಿಯಿದೆ. ಅವರ ನಿಜ ಹೆಸರು ಬುರ್ಹಾನುದ್ದೀನ್. ಅಹಮದಾಬಾದನ್ನು ಕಟ್ಟಿಸಿದ ಒಂದನೇ ಅಹಮದ್ ಶಾಹನ ಕಾಲದಲ್ಲಿ ಬಂದು, ವಟ್ವಾದಲ್ಲಿ ನೆಲೆನಿಂತು, ಹದಿನೈದನೇ ಶತಮಾನದ ನಡುವಿನಲ್ಲಿ ತೀರಿಕೊಂಡವರು. ನಮ್ಮವರಿಗೆ ಲೆಕ್ಕ ಸಿಗಲಿ ಎಂದು ಹೇಳುತ್ತೇನೆ: ಕಲಬುರಗಿಯ ಬಂದೇನವಾಜರು ತೀರಿಕೊಂಡದ್ದು 1422ರಲ್ಲಿ, ಅದಾಗಿ ಸುಮಾರು ಮೂವತ್ತು ವರ್ಷಕ್ಕೆ ಇವರು. ಎತ್ತರದ ಕಂಬಗಳು, ಅವುಗಳ ಮೇಲೆ ಹಂತ ಹಂತವಾಗಿ ಏರುವ ಕಮಾನುಗಳು, ತುದಿಯಲ್ಲಿ ಗುಮ್ಮಟ. ಒಂದಷ್ಟು ಭಾಗ ಬಿದ್ದುಹೋಗಿದೆ. ಬಿದ್ದಿರುವುದರಿಂದಲೇ ಕಮಾನನ್ನು ಹೇಗೆ ಕಟ್ಟಿದ್ದರು, ಕಲ್ಲಿಗೆ ಕಲ್ಲು ಹೇಗೆ ಕೂರಿಸಿದ್ದರು ಎಂಬುದು ಮಕ್ಕಳಿಗೂ ಅರ್ಥವಾಗುತ್ತದೆ.

ಇಲ್ಲಿ ಎಲ್ಲರೂ ಮೊದಲು ತೋರಿಸುವುದು ಒಂದು ತುಂಡನ್ನು. ಒಂದು ರಾತ್ರಿ ಕತ್ತಲಲ್ಲಿ ಪ್ರಾರ್ಥನೆಗೆ ಹೋಗುತ್ತಿದ್ದ ಸಂತರ ಕಾಲಿಗೆ ಏನೋ ಎಡವಿತಂತೆ. "ಇದೇನು, ಕಲ್ಲೋ, ಕಬ್ಬಿಣವೋ, ಕಟ್ಟಿಗೆಯೋ?" ಅಂದರಂತೆ. ಬೆಳಗಾಗುವಷ್ಟರಲ್ಲಿ ಅದು ಮೂರೂ ಆಗಿತ್ತಂತೆ. ಮಗಳು ಅದನ್ನು ಬಹಳ ಹೊತ್ತು ನೋಡಿ, ಪುಸ್ತಕದಲ್ಲಿ ಮೂರು ಬಗೆಯ ಗೆರೆ ಎಳೆದಳು. ದರ್ಗಾದ ಅಂಗಳದಲ್ಲಿ ಕೂತಿದ್ದ ಚಾಚಾ ಒಬ್ಬರು ಚಿತ್ರ ನೋಡಿ, "ಕಟ್ಟಿಗೆ ಸರಿಯಾಗಿ ಬಂದಿದೆ ಬೇಟಿ, ಕಬ್ಬಿಣ ಇನ್ನೂ ಸ್ವಲ್ಪ ಕಪ್ಪಾಗಬೇಕು" ಎಂದು ತಿದ್ದಿದರು. ಚಾಚಾ ಮೊದಲು ಬಟ್ಟೆ ಗಿರಣಿಯಲ್ಲಿದ್ದವರು.

ಇಲ್ಲಿ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಸೊಸೈಟಿಯಿಂದ ಈ ದರ್ಗಾ ದೂರವೇನಲ್ಲ, ನಡೆದೇ ಹೋಗಬಹುದು. ಆದರೆ ನಮ್ಮ ಬಿಲ್ಡಿಂಗಿನಲ್ಲಿ ಇಪ್ಪತ್ತು ವರ್ಷದಿಂದ ಇರುವವರೂ ಅದನ್ನು ನೋಡಿಲ್ಲ. ಈ ಊರಿನಲ್ಲಿ ಹಿಂದೂಗಳ ವಸ್ತಿ ಮುಗಿದು ಮುಸಲ್ಮಾನರದ್ದು ಶುರುವಾಗುವ ಜಾಗಕ್ಕೆ ಜನ 'ಬಾರ್ಡರ್' ಅನ್ನುತ್ತಾರೆ. ಆಡುಮಾತಿನಲ್ಲಿ, ಬಸ್ ಸ್ಟಾಪಿನ ಹೆಸರು ಹೇಳಿದಷ್ಟು ಸಲೀಸಾಗಿ. 2002ರ ನಂತರ ಆ ಗೆರೆಗಳು ಇನ್ನಷ್ಟು ಗಟ್ಟಿಯಾದವು. ನಾನು ಮಗಳನ್ನು ಕರೆದುಕೊಂಡು ಹೊರಟಾಗ ಕೆಳಗಿನ ಮನೆಯ ಕಾಕಾ ಕೇಳಿದ್ದು ಒಂದೇ ಮಾತು: "ಆ ಕಡೆ ಏನಿದೆ ಅಂತ?" ಕೋಪದಿಂದ ಕೇಳಿದ್ದಲ್ಲ, ಕಾಳಜಿಯಿಂದ. ಹೊರಗಿನಿಂದ ಬಂದ ನಮ್ಮಂಥವರಿಗೆ ಆ ಗೆರೆ ಕಣ್ಣಿಗೆ ಕಾಣುವುದಿಲ್ಲ. ಅದು ನಮ್ಮ ದೊಡ್ಡತನವಲ್ಲ, ನಮ್ಮ ಮನೆಯವರಾರೂ ಇಲ್ಲಿ ಏನನ್ನೂ ಕಳೆದುಕೊಂಡಿಲ್ಲ, ಅಷ್ಟೇ. ಆ ಅನುಕೂಲ ಇರುವಷ್ಟು ದಿನ ನಡೆಯುವುದಕ್ಕೆ ಬಳಸಿಕೊಳ್ಳೋಣ ಎಂಬುದು ನನ್ನ ಲೆಕ್ಕ.

ಅಪ್ಪನಿಂದ ಮಗನವರೆಗೆ

ವಟ್ವಾದಿಂದ ಊರಿನ ಕಡೆ ಹೊರಟರೆ ಈಸನಪುರ ಸಿಗುತ್ತದೆ. ಮನೆ, ಅಂಗಡಿಗಳ ನಡುವೆ ಜೇಠಾಭಾಯಿಯ ವಾವ್ ಇದೆ. ವಾವ್ ಎಂದರೆ ಮೆಟ್ಟಿಲ ಬಾವಿ. ನಮ್ಮ ಲಕ್ಕುಂಡಿಯ ಮುಸುಕಿನ ಬಾವಿಯಲ್ಲಿ ಮೂರು ದಿಕ್ಕಿನಿಂದ ಇಳಿದು ನಡುವಿನ ನೀರನ್ನು ಮುಟ್ಟುತ್ತೇವೆ. ಇಲ್ಲಿ ಒಂದೇ ದಿಕ್ಕಿನ ಉದ್ದನೆಯ ಓಣಿ, ಇಳಿದಷ್ಟೂ ತಂಪು, ತುದಿಯಲ್ಲಿ ಬಾವಿ. ಅಹಮದಾಬಾದಿನದೇ ಅಸಾರ್ವಾದ ದಾದಾ ಹರೀರ್ ವಾವ್ 1499ರ ಹೊತ್ತಿನದು. ಈಸನಪುರದ್ದು 1860ರ ದಶಕದ್ದು, ಅಂದರೆ ಬೊಂಬಾಯಿಗೆ ರೈಲು ಓಡಲು ಶುರುವಾದ ಕಾಲ. ಆಗಲೂ ಒಬ್ಬ ಗೃಹಸ್ಥ ದುಡ್ಡು ಹಾಕಿ, ದಾರಿಹೋಕರಿಗೆ ನೀರು ಸಿಗಲಿ, ಕೂರಲು ನೆರಳಿರಲಿ ಎಂದು ಕಲ್ಲು ಕೆತ್ತಿಸಿದ್ದಾನೆ. ಯಾರಿಗಾಗಿ ಎಂಬ ನಮ್ಮ ಪ್ರಶ್ನೆಗೆ ಇಷ್ಟು ನೇರ ಉತ್ತರ ಬೇರೆಲ್ಲೂ ಸಿಕ್ಕಿಲ್ಲ: ಬಾಯಾರಿದವರಿಗೆ.

ಮುಂದೆ ಶಾಹ್ ಆಲಂ. ವಟ್ವಾದ ಸಂತರ ಮಗ, 1475ರಲ್ಲಿ ತೀರಿಕೊಂಡವರು. ಅಪ್ಪ ಊರಾಚೆ, ಮಗ ಊರಿಗೆ ಹತ್ತಿರ. ಗೋರಿಯ ಸುತ್ತಲಿನ ಕಲ್ಲಿನ ಜಾಲಂಧ್ರಗಳನ್ನು ನೋಡುತ್ತ ಒಂದು ಸುತ್ತು ಬಂದರೆ ಒಂದರಂತೆ ಇನ್ನೊಂದಿಲ್ಲ ಎಂಬುದು ಗೊತ್ತಾಗುತ್ತದೆ. ಮಧ್ಯಾಹ್ನ ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕಿಗಳನ್ನು ನೋಡಿ ಮಗಳು "ಅಜ್ಜಿ ಹಾಕೋ ರಂಗೋಲಿ ಥರಾ" ಅಂದಳು. ಇಷ್ಟನ್ನು ಒಂದು ಭಾನುವಾರಕ್ಕೆ ಇಟ್ಟುಕೊಳ್ಳಿ. ನಡುನಡುವೆ ಎಎಂಟಿಎಸ್ ಬಸ್ಸೋ, ಶೇರ್ ರಿಕ್ಷಾವೋ ಹತ್ತಿದರೆ ಕಾಲಿಗೆ ಭಾರವಾಗುವುದಿಲ್ಲ.

ಕೋಟೆಯೊಳಗೆ

ಇನ್ನೊಂದು ಭಾನುವಾರ ವಟ್ವಾದಿಂದ ಲಾಲ್ ದರ್ವಾಜಾಕ್ಕೆ ಬಸ್ಸಿನಲ್ಲಿ ಹೋಗಿ. ಅಲ್ಲಿಂದ ಕೂಗಳತೆಯಲ್ಲಿ ಸಿದಿ ಸಯ್ಯದ್ ಮಸೀದಿ. 1572-73ರಲ್ಲಿ ಕಟ್ಟಿದ್ದು, ಗುಜರಾತಿನ ಸುಲ್ತಾನರ ಆಳ್ವಿಕೆಯ ಕೊನೆಯ ದಿನಗಳಲ್ಲಿ. ಕಟ್ಟಿಸಿದ ಸಿದಿ ಸಯ್ಯದ್ ಆಫ್ರಿಕದ ಅಬಿಸೀನಿಯ ಮೂಲದವನು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹೆಸರು ಕೇಳಿದವರಿಗೆ ಈ ಹೆಸರು ಹೊಸದಲ್ಲ. ಹಿಂಗೋಡೆಯ ಅರ್ಧಚಂದ್ರಾಕಾರದ ಕಿಟಕಿಗಳಲ್ಲಿ ಒಂದರಲ್ಲಿ ಮರ, ಅದರ ರೆಂಬೆ ರೆಂಬೆಯನ್ನು ಸುತ್ತಿಕೊಂಡ ಬಳ್ಳಿ, ಎಲ್ಲವೂ ಕಲ್ಲಿನಲ್ಲಿ. ಇಲ್ಲಿನ ಐಐಎಂ ತನ್ನ ಲಾಂಛನಕ್ಕೆ ಆರಿಸಿಕೊಂಡದ್ದು ಈ ಜಾಲಿಯನ್ನೇ. ರಸ್ತೆಯ ಬದಿಯಲ್ಲಿ ನಿಂತರೂ ಕಾಣುತ್ತದೆ. ಒಳಗಿನಿಂದ ನೋಡುವುದಾದರೆ ಮಧ್ಯಾಹ್ನದ ಮೇಲೆ ಹೋಗಿ, ಬಿಸಿಲು ಜಾಲಿಯ ಹಿಂದೆ ಬಂದಿರುತ್ತದೆ.

ಅಲ್ಲಿಂದ ಭದ್ರ ಕೋಟೆ ದಾಟಿದರೆ ತೀನ್ ದರ್ವಾಜಾ. ಚಪ್ಪಲಿ, ದುಪಟ್ಟಾ, ಪ್ಲಾಸ್ಟಿಕ್ ಡಬ್ಬಿಗಳ ರಾಶಿಯ ನಡುವೆ ಅಹಮದ್ ಶಾಹನ ಕಾಲದ ಮೂರು ಕಮಾನು. ಅದರ ಕಂಬದ ಮೇಲೊಂದು ದೇವನಾಗರಿ ಶಾಸನವಿದೆ. 1812ರಲ್ಲಿ ಮರಾಠರ ಅಧಿಕಾರಿ ಚಿಮನಾಜಿ ರಘುನಾಥ್ ಹಾಕಿಸಿದ್ದು. ಹೆಣ್ಣುಮಗಳಿಗೆ ತಂದೆಯ ಆಸ್ತಿಯಲ್ಲಿ ಅವಳ ಪಾಲು ತಕರಾರಿಲ್ಲದೆ ಸಿಗಬೇಕು, ತಪ್ಪಿದ ಹಿಂದೂ ಮಹಾದೇವನಿಗೆ, ಮುಸಲ್ಮಾನ ಅಲ್ಲಾಹನಿಗೆ ಉತ್ತರ ಹೇಳಬೇಕಾದೀತು ಎಂಬುದು ಅದರ ಸಾರ. ಊರೆಲ್ಲ ಓಡಾಡುವ ಬಾಗಿಲಿನಲ್ಲಿ ಅದನ್ನು ಕೆತ್ತಿಸಿದ್ದಾರೆ. ಇದೇ ಬಾಗಿಲಿನ ಗೂಡೊಂದರಲ್ಲಿ ಲಕ್ಷ್ಮಿಗಾಗಿ ಒಂದು ದೀಪ ಉರಿಯುತ್ತದೆ, ಅದಕ್ಕೆ ಎಣ್ಣೆ ಹಾಕುತ್ತ ಬಂದಿರುವುದು ಒಂದು ಮುಸ್ಲಿಂ ಕುಟುಂಬ. ಬಾರ್ಡರಿನ ಮಾತು ಕೇಳಿ ಬಂದವರು ಇಲ್ಲಿ ಐದು ನಿಮಿಷ ನಿಲ್ಲಬೇಕು. ದುಪಟ್ಟಾ ಅಂಗಡಿಯವನು ಬಿಟ್ಟರೆ.

ಮಾಣೆಕ್ ಚೌಕ ದಾಟಿ ಕಾಲುಪುರದ ಕಡೆ ಹೊರಟರೆ ಪೋಳಗಳು ಶುರು. ಪೋಳ ಎಂದರೆ ಒಂದೇ ಬಾಗಿಲಿನ ಕೇರಿ, ಒಳಗೆ ಮರದ ಕೆತ್ತನೆಯ ಮನೆಗಳು. (ಹಿಂದಿಯಲ್ಲಿಲ್ಲದ ನಮ್ಮ 'ಳ' ಗುಜರಾತಿಯಲ್ಲಿದೆ. ಈ ಹೆಸರನ್ನು ದಿಲ್ಲಿಯವರಿಗಿಂತ ನಾವು ಚೆನ್ನಾಗಿ ಹೇಳುತ್ತೇವೆ.) 2017ರ ಜುಲೈಯಲ್ಲಿ ಅಹಮದಾಬಾದು ಯುನೆಸ್ಕೋದ ವಿಶ್ವ ಪರಂಪರೆಯ ನಗರವಾದದ್ದು, ಭಾರತದಲ್ಲಿ ಮೊದಲನೆಯದು, ಈ ಹಳೇ ಊರಿನಿಂದಾಗಿ. ನನಗೆ ಇಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಚಬೂತರೊ. ಒಂದು ಕಂಬ, ಅದರ ತಲೆಯ ಮೇಲೆ ಕೆತ್ತನೆ ಮಾಡಿದ ಮಂಟಪ, ಅದರಲ್ಲಿ ಹಕ್ಕಿಗಳಿಗೆ ಕಾಳು. ಮರ ಕಡಿದು ಮನೆ ಕಟ್ಟಿದ ಮೇಲೆ ಹಕ್ಕಿ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿ ಕಟ್ಟಿದಂತಿದೆ. ಯಾರಿಗಾಗಿ ಎಂದು ಮಗಳು ಕೇಳಿದಾಗ ಕಾಳು ಹಾಕುತ್ತಿದ್ದ ಅಜ್ಜಿ, ಇಲ್ಲಿನವರ ಮಾತಿನಲ್ಲಿ 'ಬಾ', ಮೇಲೆ ಕೈ ತೋರಿಸಿ ನಕ್ಕರು.

ಸ್ವಾಮಿನಾರಾಯಣ ಮಂದಿರದ ಹತ್ತಿರ ಲಾಂಬೇಶ್ವರನ ಪೋಳದಲ್ಲಿ ಕವಿ ದಲಪತರಾಮರ ಮನೆಯ ಮುಂಭಾಗವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಜಗಲಿಯ ಮೇಲೆ ಕವಿಯ ಲೋಹದ ಪ್ರತಿಮೆ, ಎತ್ತರದ ಪೀಠವಿಲ್ಲ, ಬೇಲಿಯಿಲ್ಲ, ಮನೆಯ ಹಿರಿಯರು ಕೂತಂತೆ. ನಾವು ಹೋದಾಗ ತರಕಾರಿ ಚೀಲ ಹಿಡಿದ ಒಬ್ಬರು ಅವರ ಪಕ್ಕದಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು.

ನದಿಯ ಆಚೆ ದಂಡೆಯಲ್ಲಿ, ವಿಶ್ವವಿದ್ಯಾಲಯದ ಕಡೆ, 'ಅಮದಾವಾದ್ ನಿ ಗುಫಾ' ಇದೆ. ನೆಲದಡಿಯ ಗುಹೆ, ಮೇಲೆ ಒಡೆದ ಪಿಂಗಾಣಿ ಚೂರು ಮೆತ್ತಿದ ಗುಮ್ಮಟಗಳು, ಒಳಗೆ ಎಂ.ಎಫ್. ಹುಸೇನ್ ಗೋಡೆಗಳ ಮೇಲೇ ಬರೆದ ಚಿತ್ರಗಳು. 1990ರ ದಶಕದಲ್ಲಿ ಅದನ್ನು ಕಟ್ಟಿದ ವಾಸ್ತುಶಿಲ್ಪಿ ಬಿ.ವಿ. ದೋಶಿ ನಮಗೆ ಹೊಸಬರಲ್ಲ, ಬೆಂಗಳೂರಿನ ಐಐಎಂ ಕಟ್ಟಡದ ಕಲ್ಲಿನ ಓಣಿಗಳೂ ಅವರವೇ. ಸಂಜೆ ಹೊತ್ತು ತೆರೆಯುತ್ತಾರೆ, ಪ್ರವೇಶ ಉಚಿತ.

ನದಿದಂಡೆಯಿಂದ ವಟ್ವಾಕ್ಕೆ

ಕೋಟೆಯೊಳಗಿನ ನಡಿಗೆ ಮುಗಿಸಿ ಎಲ್ಲರೂ ಹೋಗುವುದು ಸಾಬರಮತಿ ರಿವರ್‌ಫ್ರಂಟಿಗೆ. ಎರಡೂ ದಂಡೆಗಳಲ್ಲಿ ಹನ್ನೊಂದು ಕಿಲೋಮೀಟರಿಗೂ ಉದ್ದದ ಹಾದಿ, 2012ರಲ್ಲಿ ಜನರಿಗೆ ತೆರೆದದ್ದು. ಕೆಳಹಾದಿಯಲ್ಲಿ ಯಾರು ಬೇಕಾದರೂ ನಡೆಯಬಹುದು. ಗಾಳಿಪಟದ ನೆನಪಿನಲ್ಲಿ ಬಣ್ಣ ಬಣ್ಣವಾಗಿ ಕಟ್ಟಿದ ಅಟಲ್ ಸೇತುವೆ 2022ರ ಆಗಸ್ಟಿನಲ್ಲಿ ಬಂತು. ಮೇಲೆ ಹೋಗಲು ಟಿಕೆಟ್ಟಿದೆ, ಕೆಳಗಿನಿಂದ ನೋಡಲು ಇಲ್ಲ. ಸಂಜೆ ಅಲ್ಲಿ ಕೂತರೆ ಮನಸ್ಸು ಹಗುರವಾಗುತ್ತದೆ, ನಿಜ.

ನಮ್ಮ ಮೂರನೆಯ ನಿಯಮ ಇಲ್ಲಿಯೂ ಬಿಡುವುದಿಲ್ಲ. ಯಾರಿಗಾಗಿ? ಮತ್ತು, ಮೊದಲು ಯಾರಿದ್ದರು? ನದಿಯ ಪಾತ್ರದ ಅಂಚಿನಲ್ಲಿ ಗುಡಿಸಲು, ಸಣ್ಣ ಮನೆಗಳಲ್ಲಿ ಸಾವಿರಾರು ಕುಟುಂಬಗಳಿದ್ದವು, ಹಿಂದೂಗಳೂ ಮುಸಲ್ಮಾನರೂ. 2005ರಲ್ಲಿ ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಮುಂದೆ ಅನೇಕರಿಗೆ ಸರ್ಕಾರಿ ಯೋಜನೆಯಲ್ಲಿ ಕಟ್ಟಿದ ಫ್ಲ್ಯಾಟುಗಳು ಸಿಕ್ಕವು. ಆ ಫ್ಲ್ಯಾಟುಗಳ ದೊಡ್ಡ ಪಾಲು ಇರುವುದು ವಟ್ವಾದಲ್ಲಿ. ಸದ್ಭಾವನಾ ನಗರ, ಕುಶಾಭಾವು ಠಾಕ್ರೆ ನಗರ, ವಸಂತ ಗಜೇಂದ್ರ ಗಡ್ಕರ್ ನಗರ ಎಂದು ಹೆಸರು. ನದಿಯಿಂದ ಹತ್ತು ಕಿಲೋಮೀಟರಿನ ಆಸುಪಾಸು. ಅಂದರೆ ಪ್ರವಾಸಿಗಳು ನೋಡುವ ಆ ದಂಡೆಯ ಕಥೆಯ ಉಳಿದರ್ಧ ನಮ್ಮ ಮನೆಯ ಹಿಂದಿದೆ.

ಹಾಗಾಗಿ ನಮ್ಮ ನಡಿಗೆಯ ಕೊನೆಯ ಭಾಗ ಅಲ್ಲಿಗೆ. ಸಾಲು ಸಾಲು ಬ್ಲಾಕುಗಳು, ಒಂದೇ ಎತ್ತರ, ಒಂದೇ ಬಣ್ಣ. ನೋಡುವಂಥದ್ದು ಏನೂ ಇಲ್ಲ ಅನ್ನಿಸುತ್ತದೆ. ಹತ್ತಿರ ಹೋದರೆ ಬಾಗಿಲುಗಳು ಮಾತಾಡುತ್ತವೆ. ಒಂದರ ಮೇಲೆ ಮಣಿಯ ತೋರಣ, ಒಂದರ ಪಕ್ಕ ಮದುವೆಯ ಕೆಂಪು ಅಂಗೈ ಗುರುತು, ಒಂದರ ಮೇಲೆ ಹಸಿರು ಹಂಚಿನಲ್ಲಿ ಕಾಬಾ. ನೆಲಮಹಡಿಯ ಒಂದು ಮನೆಯ ಗೋಡೆಯ ಮೇಲೆ ಬಾಗಿಲಿಗಿಂತ ಎತ್ತರದ ನೀಲಿ ನವಿಲು. ಮಗಳು ಅಲ್ಲೇ ಕೂತು ಬರೆಯಲು ಶುರು ಮಾಡಿದಾಗ ಒಳಗಿನಿಂದ ಮಾಸಿ ಹೊರಬಂದರು. ನದಿದಂಡೆಯಿಂದ ಬಂದವರು, ಅಲ್ಲಿದ್ದಾಗ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. "ಮೊದಲ ವರ್ಷ ಮೊಮ್ಮಗ ದಿನಾ ಬೇರೆ ಬ್ಲಾಕಿಗೆ ಹೋಗಿ ಅಳ್ತಾ ನಿಲ್ತಿದ್ದ. ಎಲ್ಲ ಮನೆ ಒಂದೇ ಥರ. ಅದಕ್ಕೇ ನವಿಲು ಬರೆಸಿದೆ" ಅಂದರು.

ಕೆಲಸದ ವಿಷಯ ಕೇಳಿದೆ. "ಆಗ ನಡೆದು ಹೋಗ್ತಿದ್ದೆ. ಇಲ್ಲಿಂದ ರಿಕ್ಷಾಕ್ಕೇ ಅರ್ಧ ಕೂಲಿ ಹೋಗ್ತಿತ್ತು, ಬಿಟ್ಟೆ. ಮನೆ 'ಪಕ್ಕಾ' ಆಯ್ತು ಭಾಯಿ, ಕೆಲಸ 'ಕಚ್ಚಾ' ಆಯ್ತು." ಅವರ ದನಿಯಲ್ಲಿ ದೂರಿರಲಿಲ್ಲ. ಮಗಳಿಗೆ ಒಂದು ಗಾಂಠಿಯಾ ಪೊಟ್ಟಣ ಕೊಟ್ಟು, ನವಿಲಿನ ಕತ್ತು ಇನ್ನೂ ಉದ್ದ ಮಾಡು ಎಂದರು.

ಹೋದ ವರ್ಷ ಆರು ಕನ್ನಡ ಕುಟುಂಬಗಳು ಸೇರಿ ಈ ನಡಿಗೆ ಮಾಡಿದೆವು. ಕೋಟೆಯೊಳಗಿನ ಭಾನುವಾರಕ್ಕೆ ಆರೂ ಮನೆಯವರು ಬಂದರು. ವಟ್ವಾದ ಭಾನುವಾರಕ್ಕೆ ಮೂರೇ ಮನೆ. ಬಂದವರಲ್ಲಿ ಕೆಳಗಿನ ಮನೆಯ ಗುಜರಾತಿ ಕಾಕಾ ಕೂಡ ಒಬ್ಬರು, ಕನ್ನಡ ಒಂದಕ್ಷರ ಬಾರದವರು. ದರ್ಗಾದ ಕಮಾನಿನ ಕೆಳಗೆ ಬಹಳ ಹೊತ್ತು ನಿಂತು, "ಇಷ್ಟು ಹತ್ತಿರ ಇತ್ತಾ?" ಅಂದರು. ಅಷ್ಟೇ ಅಂದದ್ದು.

ಮಲಾವ್ ಕೆರೆ ಮತ್ತು ನಮ್ಮ ಕಡೆಯ ರಾಣಿ

ಅಹಮದಾಬಾದಿಗಿಂತ ಮೊದಲು ಇಲ್ಲಿ ಕರ್ಣಾವತಿ ಎಂಬ ಊರಿತ್ತು. ಹನ್ನೊಂದನೇ ಶತಮಾನದ ಸೋಲಂಕಿ ರಾಜ ಕರ್ಣ ಕಟ್ಟಿಸಿದ್ದು. ಅವನ ರಾಣಿ ಮಯಣಲ್ಲದೇವಿ, ಗುಜರಾತಿಗಳ ಬಾಯಲ್ಲಿ ಮೀನಳದೇವಿ, ಕರ್ಣಾಟದ ಅರಸ ಜಯಕೇಶಿಯ ಮಗಳು ಎಂದು ಜೈನ ಗ್ರಂಥಕಾರ ಮೇರುತುಂಗ ಬರೆದಿದ್ದಾನೆ. ಜಯಕೇಶಿ ಗೋವೆಯ ಕದಂಬರವನು, ಮುಂದೆ ನಮ್ಮ ಖಾನಾಪುರದ ಹಲಸಿ ಸೀಮೆಯನ್ನೂ ಆಳಿದ ವಂಶ. ಅಂದರೆ ಈ ಊರಿಗೆ ವಲಸೆ ಬಂದ ನಮ್ಮ ಕಡೆಯವರಲ್ಲಿ ನಾವು ಮೊದಲಿಗರಲ್ಲ, ಸುಮಾರು ಒಂಬೈನೂರೈವತ್ತು ವರ್ಷ ತಡ.

ಅಹಮದಾಬಾದಿನ ನೈಋತ್ಯಕ್ಕೆ ಧೋಲ್ಕಾ ಎಂಬ ಊರಿನಲ್ಲಿ ಅವಳು ಕಟ್ಟಿಸಿದಳು ಎನ್ನುವ ಮಲಾವ್ ಕೆರೆ ಇದೆ. ಗೀತಾ ಮಂದಿರ ನಿಲ್ದಾಣದಿಂದ ಬಸ್ಸಿದೆ. ದುಂಡಗೆ ಮೆಟ್ಟಿಲು ಇಳಿದಿರುವ ಕಲ್ಲಿನ ಕೆರೆ. ಕೆರೆ ತೋಡುವಾಗ ಅಂಚಿನಲ್ಲಿ ಒಬ್ಬ ಹೆಂಗಸಿನ ಮನೆ ಅಡ್ಡ ಬಂತಂತೆ. ಎಷ್ಟು ದುಡ್ಡು ಕೊಡುತ್ತೇವೆಂದರೂ ಅವಳು ಮಾರಲಿಲ್ಲ. ರಾಣಿ ಬಲವಂತ ಮಾಡಲಿಲ್ಲ. ಮನೆಯನ್ನು ಹಾಗೇ ಬಿಟ್ಟು, ಕೆರೆಯ ದುಂಡನ್ನೇ ಆ ಕಡೆ ಸೊಟ್ಟ ಮಾಡಿದಳಂತೆ. ನ್ಯಾಯ ನೋಡಬೇಕಿದ್ದರೆ ಮಲಾವ್‌ಗೆ ಹೋಗು ಎಂದು ಗುಜರಾತಿಯಲ್ಲಿ ಗಾದೆಯೇ ಆಗಿದೆ. ಇದು ಜನ ಹೇಳುವ ಕಥೆ, ದಾಖಲೆಯಲ್ಲ. ಆದರೆ ಯಾವ ಕಥೆಯನ್ನು ಒಂದು ನಾಡು ಗಾದೆ ಮಾಡಿ ಉಳಿಸಿಕೊಳ್ಳುತ್ತದೆ ಎಂಬುದೂ ಮುಖ್ಯವೇ. ವಟ್ವಾದ ನವಿಲಿನ ಮನೆ ನೋಡಿದ ಮೇಲೆ ಈ ಕೆರೆಯನ್ನು ನೋಡಿದರೆ ಸೊಟ್ಟ ಅಂಚಿನ ಬೆಲೆ ತಿಳಿಯುತ್ತದೆ.

ನೀವು ಹೊರಡುವ ಮುನ್ನ

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಮನೆ ಸೇರಿಬಿಡಿ. ದರ್ಗಾ, ಮಸೀದಿ, ಮಂದಿರಗಳಲ್ಲಿ ತಲೆಗೊಂದು ಕರ್ಚೀಫು, ಮೈತುಂಬ ಬಟ್ಟೆ, ಚಪ್ಪಲಿ ಹೊರಗೆ. ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ. ಪೋಳಗಳಲ್ಲಿ ಮತ್ತು ವಸ್ತಿಗಳಲ್ಲಿ ಮೊಬೈಲ್ ತೆಗೆಯುವ ಮೊದಲು ಮನೆಯವರನ್ನು ಕೇಳಿ. ಅದು ಪ್ರದರ್ಶನವಲ್ಲ, ಅವರ ಅಂಗಳ. ನನ್ನ ಅನುಭವದಲ್ಲಿ ಕ್ಯಾಮೆರಾಕ್ಕಿಂತ ಮಗುವಿನ ಚಿತ್ರಪುಸ್ತಕ ಹೆಚ್ಚು ಬಾಗಿಲು ತೆರೆಸುತ್ತದೆ.

ಒಂದು ದಿನ ಹೆಚ್ಚು ಸಿಕ್ಕರೆ ವಟ್ವಾ ನಿಲ್ದಾಣದಿಂದಲೇ ಲೋಕಲ್ ರೈಲು ಹಿಡಿದು ವಡೋದರಾಕ್ಕೆ ಹೋಗಿ. ಅಲ್ಲಿನ ಕೀರ್ತಿ ಮಂದಿರದ ಗೋಡೆಗಳ ಮೇಲೆ ಶಾಂತಿನಿಕೇತನದ ನಂದಲಾಲ್ ಬೋಸ್ ಬರೆದ ಮಹಾಭಾರತ, ಮೀರಾ, ಗಂಗಾವತರಣ ಇವೆ. ಹಳೇ ಊರಿನ ತಾಂಬೇಕರ್ ವಾಡೆಯಲ್ಲಿ ಹತ್ತೊಂಬತ್ತನೇ ಶತಮಾನದ ಮರಾಠಾ ಭಿತ್ತಿಚಿತ್ರಗಳಿವೆ.

ನೀವು ಇರುವುದು ಪುಣೆಯಲ್ಲೋ ಚೆನ್ನೈಯಲ್ಲೋ ನೊಯಿಡಾದಲ್ಲೋ ಆದರೆ ಮೇಲಿನ ಯಾವ ಹೆಸರೂ ನಿಮಗೆ ಬೇಕಿಲ್ಲ. ನಿಮ್ಮ ಬಿಲ್ಡಿಂಗಿನ ಗೇಟಿನಿಂದ ಎರಡು ಕಿಲೋಮೀಟರಿನ ಒಂದು ಸುತ್ತು ಎಳೆದುಕೊಳ್ಳಿ. ಅದರೊಳಗೆ ಕೈಯಿಂದ ಮಾಡಿದ ಐದು ವಸ್ತು ಹುಡುಕಿ: ಅಂಗಡಿಯ ಬೋರ್ಡು, ಗುಡಿಯ ಬಾಗಿಲು, ಶಾಲೆಯ ಗೋಡೆ, ಯಾವುದಾದರೂ. ಐದರಲ್ಲಿ ಒಂದಾದರೂ ನಿಮ್ಮ ಅಕ್ಕಪಕ್ಕದವರು ಹೋಗಬೇಡಿ ಅನ್ನುವ ಕಡೆ ಇರಲಿ. ಯಾರಿಗಾಗಿ ಮಾಡಿದ್ದು ಎಂದು ಕೇಳಿ ಬನ್ನಿ. ಅಹಮದಾಬಾದಿನಲ್ಲೇ ಇದ್ದರೆ, ಡಿಸೆಂಬರಿನ ಮೊದಲ ಭಾನುವಾರ ಬೆಳಗ್ಗೆ ಏಳಕ್ಕೆ ನಾವು ವಟ್ವಾ ನಿಲ್ದಾಣದ ಹೊರಗಿನ ಚಹದಂಗಡಿಯಲ್ಲಿರುತ್ತೇವೆ. ಮಕ್ಕಳಿದ್ದರೆ ಕರೆತನ್ನಿ, ಜೊತೆಗೊಂದು ಪೆನ್ಸಿಲ್ಲು.